ಹಿಂದಿನ ಎಂಟು ಟೈರುಗಳು

ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ಹೆದ್ದಾರಿಯ ಸದ್ದು ಅಡುಗೆಮನೆಯ ಕಿಟಕಿಗೆ ನೇರವಾಗಿ ಬರುತ್ತದೆ. ಮನೆಯ ಪಕ್ಕಕ್ಕೇ ಒಂದು ಖಾಲಿ ಸೈಟು, ಅದೂ ನಮ್ಮದೇ. ಅಲ್ಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡಿ ಎಂದು ನೆಂಟರೆಲ್ಲ ಹೇಳಿ ಹೇಳಿ ಸಾಕಾದರು, ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಅವರ ಟಿಪ್ಪರ್ ನಿಲ್ಲುವ ಜಾಗ. ಹತ್ತು ಚಕ್ರದ ಗಾಡಿ, ಹುಲಿಯೂರುದುರ್ಗದ ಕಡೆಯ ಕ್ರಷರ್‌ನಿಂದ ಜಲ್ಲಿಯನ್ನೋ ಎಂ-ಸ್ಯಾಂಡನ್ನೋ ತುಂಬಿಕೊಂಡು ತುಮಕೂರಿಗೆ, ಒಮ್ಮೊಮ್ಮೆ ಗುಬ್ಬಿಗೆ ಓಡುತ್ತದೆ. ನಮ್ಮವರು ತೀರಿಕೊಂಡು ಮೂರು ವರ್ಷವಾಯಿತು. ಟಿಪ್ಪರ್ ಮಾತ್ರ ಈಗಲೂ ಸಂಜೆ ಬಂದು ಅದೇ ಜಾಗದಲ್ಲಿ ನಿಲ್ಲುತ್ತದೆ.

ಓಡಿಸುವವರು ಅವರ ಕಾಲದ ಡ್ರೈವರೇ. ಹುಲಿಯೂರುದುರ್ಗದಾಚೆಯ ಒಂದು ಹಳ್ಳಿಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ರೈಲ್ವೆ ಸ್ಟೇಷನ್ ಹಿಂದೆ ಒಂದು ರೂಮಿನಲ್ಲಿ ಬೇರೆ ಡ್ರೈವರುಗಳ ಜೊತೆ ಇರುತ್ತಾರೆ. ಸಂಜೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಿಟಕಿಯ ಸರಳುಗಳ ನಡುವೆ ಕೀ ಚಾಚುತ್ತಾರೆ.

"ಬತ್ತೀನಿ ಅಮ್ಮಾವ್ರೆ."

"ಹ್ಞೂಂ. ಹುಷಾರು."

ನಮಗೆ ಮಕ್ಕಳಿಲ್ಲ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಬಾಯಿಬಿಟ್ಟು ಆಡಿದ ಮಾತು ಅದೊಂದೇ ಆಗಿರುತ್ತಿತ್ತು. ಮಾತಾಡದೆ ಮಾತಾಡದೆ ಗಂಟಲು ಒಣಗಿ, ಆ ಎರಡು ಶಬ್ದವೂ ಒಡೆದಂತೆ ಹೊರಬರುತ್ತಿದ್ದವು. ಆಮೇಲೆ ಒಂದು ಲೋಟ ನೀರು ಕುಡಿದು ದೀಪ ಹಚ್ಚುತ್ತಿದ್ದೆ.

ಅಮಾವಾಸ್ಯೆಯ ದಿನ ಮಾತ್ರ ಬೇರೆ. ಲಾರಿಯವರು ಅವತ್ತು ಗಾಡಿ ಹೊರಗೆ ತೆಗೆಯುವುದಿಲ್ಲ. ಬೆಳಿಗ್ಗೆಯೇ ಡ್ರೈವರು ಬಂದುಬಿಡುತ್ತಿದ್ದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಹಳೆಯ ಗೋಣಿಚೀಲವನ್ನು ಗಾಡಿಯ ಅಡಿಗೆ ಹಾಸಿಕೊಂಡು, ಬೆನ್ನಮೇಲೆ ತೆವಳುತ್ತ ಒಳಗೆ ಹೋಗುತ್ತಿದ್ದರು. ಒಂದು ಬಕೆಟ್ಟಿನಲ್ಲಿ ಡೀಸೆಲ್, ಒಂದು ಡಬ್ಬದಲ್ಲಿ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್. ಡೀಸೆಲ್ ಅದ್ದಿದ ಬ್ರಷ್ಷಿನಿಂದ ಅಡಿಯನ್ನೆಲ್ಲ ಉಜ್ಜಿ ತೊಳೆದು, ಒಣಗಿದ ಮೇಲೆ ಆಯಿಲ್ ಬಳಿಯುವುದು. ತುಕ್ಕು ಹಿಡಿಯಬಾರದು, ಮಣ್ಣು ಕಚ್ಚಬಾರದು. ನಮ್ಮವರಿದ್ದಾಗ ಇದು ಆಯುಧಪೂಜೆಗೆ ಒಂದು ಸಲ ನಡೆಯುತ್ತಿದ್ದ ಕೆಲಸ. ಅವರು ಹೋದ ಮೇಲೆ ಡ್ರೈವರು ಅದನ್ನು ಪ್ರತಿ ಅಮಾವಾಸ್ಯೆಗೂ ತಂದರು. ಯಾಕೆ ಇಷ್ಟು ಕಷ್ಟಪಡುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಯಜಮಾನ್ರು ಇದ್ದಾಗ ವರ್ಸಕ್ಕೊಂದ್ಸಾರಿ ಸಾಕಿತ್ತು ಅಮ್ಮಾವ್ರೆ. ಈಗ ಅವ್ರಿಲ್ವಲ್ಲ. ನಾವು ಒಸಿ ಹೆಚ್ಗೇ ನೋಡ್ಕಬೇಕು." ಗಾಡಿಯ ಅಡಿಯಿಂದ ದನಿ ಮಾತ್ರ ಬಂದಿತ್ತು.

ಒರೆಸುವುದಕ್ಕೆ ನಾನು ಹಳೆಯ ಪಂಚೆಗಳನ್ನು ಕೊಡುತ್ತಿದ್ದೆ. ತೊಳೆದು ಮುಗಿದ ಮೇಲೆ ಮುಂದಿನ ಗಾಜಿಗೆ ವಿಭೂತಿ, ಚಕ್ರದಡಿಗೆ ನಿಂಬೆಹಣ್ಣು, ಕರ್ಪೂರದ ಆರತಿ. ಮಧ್ಯಾಹ್ನ ಜಗಲಿಯ ಮೇಲೆ ಅವರಿಗೆ ಊಟ. ಇಬ್ಬರಿಗಾಗುವಷ್ಟು ಮುದ್ದೆ ತೊಳಸುವಾಗ ಕೋಲಿಗೆ ಸಿಗುವ ಭಾರವೇ ಬೇರೆ, ಅದು ತೋಳಿಗೆ ಗೊತ್ತಾಗುತ್ತದೆ. ಅವರು ಊಟ ಮಾಡುತ್ತ ರಸ್ತೆಯ ಸುದ್ದಿ ಹೇಳುವರು: ಕುಣಿಗಲ್ ಕೆರೆ ಏರಿಯ ಮೇಲೆ ಯಾರದೋ ಕುರಿಮಂದೆ ಅಡ್ಡ ಬಂದದ್ದು, ಕ್ರಷರ್‌ನಲ್ಲಿ ಲೆಕ್ಕ ಬರೆಯುವ ರೈಟರ್ ಹೊಸ ಬೈಕು ಕೊಂಡು ಮಾರನೆಯ ದಿನವೇ ಬಿದ್ದದ್ದು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಇಡೀ ತಿಂಗಳಿನಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಕೂತು ಮಾತಾಡುತ್ತಿದ್ದ ದಿನ ಅದೊಂದೇ.

ಟೈರಿನ ಸಮಸ್ಯೆ ಶುರುವಾದದ್ದು ಹೋದ ವರ್ಷ. ಈ ಟಿಪ್ಪರಿಗೆ ಎಂಜಿನ್ನಿನ ಬಲ ಹೋಗುವುದು ಹಿಂದಿನ ಎರಡು ಆಕ್ಸಲ್ಲುಗಳಿಗೆ, ಅಂದರೆ ಚಕ್ರದ ಅಚ್ಚುಗಳಿಗೆ. ಡ್ರೈವರುಗಳು ಅದಕ್ಕೆ ಹೌಸಿಂಗ್ ಎನ್ನುತ್ತಾರೆ. ಒಂದೊಂದು ಹೌಸಿಂಗಿಗೆ ನಾಲ್ಕು ಟೈರು, ಜೋಡಿಜೋಡಿಯಾಗಿ. ಮುಂದಿನ ಎರಡು ಟೈರು ಚೆನ್ನಾಗಿಯೇ ಇದ್ದವು. ಹಿಂದಿನ ಎಂಟು ಮಾತ್ರ, ಮೊದಲು ವರ್ಷದ ಮೇಲೆ ಬಾಳುತ್ತಿದ್ದಂಥವು, ಒಂದು ಮಳೆಗಾಲ ಕಳೆಯುವುದರೊಳಗೆ ಬೋಳಾದವು. ಹೊಸ ಸೆಟ್ಟು ಹಾಕಿಸಿದೆವು. ಅದೂ ಹಾಗೆಯೇ ಹೋಯಿತು.

ಸುದ್ದಿ ಗುಬ್ಬಿಗೆ ಮುಟ್ಟಿತು. ನಮ್ಮ ಭಾವನವರು, ಅಂದರೆ ನಮ್ಮವರ ಅಣ್ಣ, ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕೆಟ್ಟ ಮನುಷ್ಯರಲ್ಲ. ತಮ್ಮ ಹೋದ ಮೇಲೆ ನನ್ನ ಗ್ಯಾಸು, ಕರೆಂಟು, ಮನೆಯ ಕಂದಾಯ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವವರು ಅವರೊಬ್ಬರೇ. ಒಂದು ಬೆಳಿಗ್ಗೆ ಬಂದು, ಚಪ್ಪಲಿಯನ್ನೂ ಬಿಡದೆ ನೇರವಾಗಿ ಸೈಟಿಗೆ ಹೋಗಿ, ಸವೆದ ಟೈರಿಗೆ ಕಾಲಿನಿಂದ ಒದ್ದು ನೋಡಿದರು.

"ನೋಡಮ್ಮ, ಲಾರಿ ಅಂದ್ರೆ ಯಜಮಾನನ ಕಣ್ಣಿಗೆ ಬೀಳ್ತಿರ್ಬೇಕು. ನೀನು ಕಿಟ್ಕೀಲಿ ಕೀ ಇಸ್ಕೊಂಡ್ರೆ ಆಯ್ತಾ? ಅವ್ನು ಕ್ರಷರ್ ದಿಬ್ಬದಲ್ಲಿ ಹೆಂಗ್ ಎಗ್ರುಸ್ತಾನೋ, ಹೆಂಗ್ ಬ್ರೇಕ್ ಒತ್ತಾನೋ, ನಿಂಗೇನ್ ಗೊತ್ತು?"

"ಅವರು ಹಾಗೆ ಓಡ್ಸೋರಲ್ಲ ಭಾವ."

"ಓಡ್ಸೋರಲ್ಲ ಅಂದ್ರೆ ಟೈರ್ ಏನು ತಾನಾಗೇ ಸವ್ದೋಯ್ತಾ? ಇಲಿ ತಿಂತಾ? ಇನ್ನೊಂದು ಸೆಟ್ ಹಾಕ್ಸಣ. ಅದೂ ಹಿಂಗೇ ಹೋದ್ರೆ ಯುಗಾದಿಗೆ ಮಾರ್ಬುಡದೆಯ. ನಮ್ಮ ಗುಬ್ಬೀಲೇ ಒಬ್ರು ಕೇಳ್ತಾವ್ರೆ. ಅವ್ರತ್ರ ಅವ್ರದೇ ಡ್ರೈವರವ್ನೆ. ನಿಂಗೂ ನಿಶ್ಚಿಂತೆ."

ನಾನು ಕಾನ್ವೆಂಟಿನಲ್ಲಿ ಓದಿದವಳು. ದೊಡ್ಡವರ ಮಾತು ಮುಗಿಯುವವರೆಗೂ ಕೈಕಟ್ಟಿ ನಿಲ್ಲಬೇಕು, ಮುಗಿದ ಮೇಲೆ ಮೆಲ್ಲನೆ ಉತ್ತರ ಕೊಡಬೇಕು ಎಂದು ನಮಗೆ ಕಲಿಸಿದ್ದರು. ಭಾವನವರ ಮಾತು ಮುಗಿಯುವ ಹೊತ್ತಿಗೆ ನನ್ನ ಉತ್ತರ ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ಕಾಫಿ ತರುತ್ತೇನೆ ಎಂದು ಒಳಗೆ ಹೋದೆ. ಕಿಟಕಿಯಿಂದ ಸೈಟು ಕಾಣುತ್ತಿತ್ತು. ಟಿಪ್ಪರ್ ಇಲ್ಲದ ಆ ಜಾಗವನ್ನು ಯೋಚಿಸಿದೆ. ಸಂಜೆ ಸರಳಿನ ನಡುವೆ ಕೈ ಬರುವುದಿಲ್ಲ, ಅಮಾವಾಸ್ಯೆ ಒಂದು ಸಾಮಾನ್ಯ ದಿನವಾಗುತ್ತದೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

ಹೊಸ ಸೆಟ್ಟು ಬಂತು. ಹೊಸ ಟೈರಿನ ಮೈಮೇಲೆ ಸಣ್ಣಸಣ್ಣ ರಬ್ಬರಿನ ಕೂದಲುಗಳಿರುತ್ತವೆ. ಅದನ್ನು ನಾನು ನೋಡಿದ್ದು ಆಗಲೇ. ಅವತ್ತಿನಿಂದ ದಿನವೂ ಸಂಜೆ, ಡ್ರೈವರು ಹೊರಟುಹೋದ ಮೇಲೆ ಸೈಟಿಗೆ ಇಳಿದು ನೋಡಲು ಶುರುಮಾಡಿದೆ. ಏನು ನೋಡಬೇಕು ಎಂದು ಗೊತ್ತಿರಲಿಲ್ಲ. ಹೂವಿನ ಗಿಡಕ್ಕೆ ಹುಳು ಬಿದ್ದಿದೆಯೇ ಎಂದು ಎಲೆ ಮಗುಚಿ ನೋಡುತ್ತೇವಲ್ಲ, ಹಾಗೆ.

ಮೊದಲು ಪಂಕ್ಚರ್ ಅಂಗಡಿಯವರನ್ನು ಮನೆಗೆ ಕರೆಸಿದೆವು. ಗಾಳಿ ಜಾಸ್ತಿಯಾದರೆ ಟೈರು ನಡುವೆ ಸವೆಯುತ್ತದೆ, ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ ಎಂದು ಹೇಳಿ, ಮೀಟರ್ ಹಿಡಿದು ಒಳಗಿನ ಟೈರುಗಳನ್ನೂ ಬಿಡದೆ ನೋಡಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಡ್ರೈವರು ತುಮಕೂರಿನ ಒಂದು ಕಡೆ ಮುಂದಿನ ಚಕ್ರಗಳನ್ನು ನೆಟ್ಟಗೆ ಕೂರಿಸುವ ಅಲೈನ್‌ಮೆಂಟ್ ಮಾಡಿಸಿದರು. ಹಿಂದಿನ ಟೈರು ಸವೆಯುವುದು ನಿಲ್ಲಲಿಲ್ಲ. ರಬ್ಬರಿನ ಕೂದಲುಗಳು ಎಂದೋ ಉದುರಿಹೋಗಿದ್ದವು.

ಒಂದು ಸಂಜೆ ಟೈರಿನ ಮೇಲೆ ಅಂಗೈ ಇಟ್ಟೆ. ಸುಮ್ಮನೆ, ದನದ ಮೈ ಸವರಿದಂತೆ. ಎಡಗಡೆಯ ಕೊನೆಯ ಟೈರು. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು. ಅದೇ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ರಬ್ಬರಿನ ಪ್ರತಿ ಉಬ್ಬಿನ ಅಂಚೂ ಬೆರಳಿಗೆ ಚೂಪಾಗಿ ಹತ್ತಿತು. ಶಾಲೆಯಲ್ಲಿ ಹೊಲಿಗೆಯ ಕ್ಲಾಸಿನ ಸಿಸ್ಟರ್ ನಮಗೆ ಮಖಮಲ್ ಬಟ್ಟೆಯನ್ನು ಹೀಗೆಯೇ ಸವರಲು ಹೇಳುತ್ತಿದ್ದರು. ಒಂದು ಕಡೆಗೆ ಮಲಗುತ್ತದೆ, ಇನ್ನೊಂದು ಕಡೆಗೆ ಏಳುತ್ತದೆ, ಕತ್ತರಿ ಹಾಕುವ ಮೊದಲು ಅದು ಗೊತ್ತಿರಬೇಕು ಎಂದು. ಗಾಡಿಯನ್ನು ಬಳಸಿ ಬಲಗಡೆಗೆ ಹೋದೆ. ಅಲ್ಲಿ ಉಲ್ಟಾ, ಒಳಗಿನಿಂದ ಹೊರಕ್ಕೆ ನುಣುಪು. ನಿಂತು ಯೋಚಿಸಿದ ಮೇಲೆ ಅದು ಉಲ್ಟಾ ಅಲ್ಲ ಅನ್ನಿಸಿತು. ಎರಡೂ ಕಡೆ ರಬ್ಬರು ಒಂದೇ ದಿಕ್ಕಿಗೆ ಮಲಗಿತ್ತು, ನಮ್ಮ ಗೋಡೆಯ ಕಡೆಯಿಂದ ರಸ್ತೆಯ ಕಡೆಗೆ. ಕೊನೆಯ ಹೌಸಿಂಗಿನಲ್ಲಿ ಹೆಚ್ಚು, ಅದರ ಮುಂದಿನದರಲ್ಲಿ ಕಮ್ಮಿ. ಕೈ ಕಪ್ಪಾಯಿತು. ಒಳಗೆ ಬಂದು ತೊಳೆದುಕೊಂಡೆ. ಯಾರಿಗಾದರೂ ಹೇಳಬೇಕೆನಿಸಿತು, ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಡ್ರೈವರಿಗೆ ಹೇಳಿದೆ. ಅವರೂ ಕೈಯಾಡಿಸಿ ನೋಡಿದರು.

"ಹೌದಲ್ಲ! ದಿನಾ ಕಣ್ಣಿಗೆ ಬೀಳ್ತೈತೆ, ಕೈಯಿಟ್ಟು ನೋಡ್ಲೇ ಇಲ್ಲ ನಾನು." ಕೈಯ ಕಪ್ಪನ್ನು ಪ್ಯಾಂಟಿಗೆ ಒರೆಸಿಕೊಂಡು, "ಕುಣಿಗಲ್ ಬೈಪಾಸಲ್ಲಿ ಒಬ್ರು ಸಾಬ್ರು ಅವ್ರೆ. ಯಜಮಾನ್ರು ಹೌಸಿಂಗ್ ಕೆಲಸ ಅಂದ್ರೆ ಅಲ್ಲಿಗೇ ಹೋಗೋರು. ತೋರುಸ್ಕೊಂಡು ಬರ್ಲಾ?" ಎಂದರು.

"ನಾನೂ ಬರ್ತೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಅವರೊಬ್ಬರೇ ಹೋಗಿ ಬಂದು ಏನು ಹೇಳಿದರೂ ಭಾವನವರು ಒಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅವರು ಜಗಲಿಯಿಂದ ಪ್ಲಾಸ್ಟಿಕ್ ಸ್ಟೂಲು ತಂದು ಕ್ಯಾಬಿನ್ನಿನ ಮೆಟ್ಟಿಲ ಕೆಳಗಿಟ್ಟು, ಮುಖ ಆಚೆ ತಿರುಗಿಸಿ ನಿಂತರು. ನಾನು ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು ಹತ್ತಿದೆ.

ನಮ್ಮವರು ಹೋದ ಮೇಲೆ ಆ ಕ್ಯಾಬಿನ್ನಿಗೆ ಹತ್ತಿದ್ದು ಅದೇ ಮೊದಲು. ಎತ್ತರದಲ್ಲಿ ಕೂತರೆ ಊರೇ ಬೇರೆ. ಕಾಂಪೌಂಡುಗಳ ಒಳಗೆಲ್ಲ ಕಾಣುತ್ತದೆ. ತೊಳೆದು ಒಣಗಿಹಾಕಿದ ಮಠದ ಹಾಸ್ಟೆಲ್ ಮಕ್ಕಳ ಪಂಚೆಗಳು, ಒಂದು ಟೆರೇಸಿನ ಮೇಲೆ ಒಬ್ಬಳೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸು. ಅವಳು ತಲೆಯೆತ್ತಿ ಲಾರಿ ನೋಡಿದಳು, ನನ್ನನ್ನೂ ನೋಡಿದಳು. ಕೈಬೀಸಬೇಕು ಅನ್ನಿಸಿತು, ಅಷ್ಟರಲ್ಲಿ ಮುಂದೆ ಬಂದುಬಿಟ್ಟಿದ್ದೆವು.

ಕುಣಿಗಲ್ ರಸ್ತೆಯ ನೇರ ಭಾಗಕ್ಕೆ ಬಂದಾಗ ಸ್ಟೀರಿಂಗ್ ಕಣ್ಣಿಗೆ ಬಿತ್ತು. ಗಾಡಿ ತಂದ ದಿನ ನಮ್ಮವರು ಅದರ ನಡುವೆ ಒಂದು ಓಂ ಸ್ಟಿಕ್ಕರ್ ಅಂಟಿಸಿದ್ದರು. ನಾನು ದೂರ ನಿಂತು, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳಿ, ನೆಟ್ಟಗಾದ ಮೇಲೆಯೇ ಒತ್ತಿಸಿದ್ದೆ. ಈಗ ಆ ಓಂ ಒಂದು ಪಕ್ಕಕ್ಕೆ ವಾಲಿತ್ತು.

"ಸ್ಟೀರಿಂಗ್ ಓರೆಯಾಗಿದೆಯಲ್ಲ?"

"ಎಲ್ಲೈತೆ ಅಮ್ಮಾವ್ರೆ? ನೆಟ್ಗೇ ಹೋಗ್ತೈತಲ್ಲ ಗಾಡಿ."

"ಗಾಡಿ ನೆಟ್ಟಗೆ ಹೋಗ್ತಿದೆ. ಓಂ ಓರೆಯಾಗಿದೆ."

ಅವರು ಕೆಳಗೆ ನೋಡಿದರು, ರಸ್ತೆ ನೋಡಿದರು, ಮತ್ತೆ ಕೆಳಗೆ ನೋಡಿದರು. "ಅಲೈನ್‌ಮೆಂಟ್ ಮಾಡ್ಸಿದಾಗ್ಲೂ ಆ ಹುಡುಗ್ರು ಏನೋ ಗೊಣಗ್ತಿದ್ರು. ದಿನಾ ಹಿಡಿಯೋ ಕೈಗೆ ಇದೇ ನೆಟ್ಗೆ ಆಗೋಗೈತೆ ನೋಡಿ" ಎಂದು ನಕ್ಕರು. ನಗು ಬೇಗ ನಿಂತಿತು.

ಬೈಪಾಸಿನ ಗ್ಯಾರೇಜೆಂದರೆ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಹೊಂಗೆಮರ. ಮೆಕ್ಯಾನಿಕ್ ಸಾಬರಿಗೆ ಅರವತ್ತರ ಹತ್ತಿರ ವಯಸ್ಸು, ಕನ್ನಡಕವನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡಿದ್ದರು. ನಾವು ಬರುವುದನ್ನು ದೂರದಿಂದಲೇ ನೋಡುತ್ತ ನಿಂತಿದ್ದವರು, ಗಾಡಿ ನಿಲ್ಲುವ ಮೊದಲೇ ಶುರುಮಾಡಿದರು.

"ಏನ್ಲಾ ದುರ್ಗದೋನೆ, ಲಾರೀನ ಏಡಿಕಾಯಿ ಮಾಡಿದೀಯಾ? ಅಡ್ಡಡ್ಡ ನಡೀತೈತೆ! ಮುಂದಿಂದು ಒಂದು ದಾರಿ, ಹಿಂದಿಂದು ಒಂದು ದಾರಿ."

"ಅದ್ಕೇ ಅಲ್ವಾ ನಿಮ್ಮತ್ರ ಬಂದಿರೋದು. ಸುಮ್ನೆ ಟೀ ಕುಡಿಯಕ್ಕೆ ಬಂದಿವ್ನಾ?"

"ಏಡಿಗೂ ಹತ್ತು ಕಾಲು, ನಿಂದಕ್ಕೂ ಹತ್ತು ಚಕ್ರ. ಸರಿಹೋಯ್ತು ಬುಡು." ಆಮೇಲೆ ನನ್ನನ್ನು ನೋಡಿ ದನಿ ತಗ್ಗಿಸಿದರು. "ಅಮ್ಮಾ, ಯಜಮಾನ್ರ ವಿಷ್ಯ ಕೇಳಿದ್ವಿ. ಬಹಳ ಬೇಜಾರಾಯ್ತು. ಅಲ್ಲಿ ಮರದಡಿ ಕುತ್ಕಳಿ, ಕುರ್ಚಿ ಐತೆ."

ನಾನು ಕೂರಲಿಲ್ಲ. ಟೈರು ಯಾವ ಕಡೆಗೆ ನುಣುಪು, ಯಾವ ಕಡೆಗೆ ಚೂಪು ಎಂದು ಹೇಳಿದೆ. ಓಂ ವಾಲಿರುವುದನ್ನೂ ಹೇಳಿದೆ. ಅವರು ತಲೆಯಾಡಿಸುತ್ತ ಟೈರಿನ ಮೇಲೆ ಕೈಯಿಟ್ಟರು.

"ಬ್ರೇಕ್ ಜೋರಾಗಿ ಒತ್ತಿ ಒತ್ತಿ ಸವ್ದಿದ್ರೆ ಹಿಂದೆಮುಂದೆ ಸವೀಬೇಕಿತ್ತು. ಇಲ್ಲಾಂದ್ರೆ ಒಂದೊಂದ್ ಕಡೆ ಮಚ್ಚೆ ತರ ಬೋಳಾಗ್ಬೇಕಿತ್ತು. ಇದು ಹಂಗಿಲ್ಲ. ಇದು ಅಡ್ಡಕ್ಕೆ ಉಜ್ಜಿರೋದು. ಹೌಸಿಂಗ್ ಸೊಟ್ಟಗೆ ಕೂತೈತೆ."

"ಹಾಗಾದ್ರೆ ಓಡ್ಸೋದ್ರಲ್ಲಿ ತಪ್ಪಿಲ್ಲ?"

"ಓಡ್ಸೋದ್ರಲ್ಲಿ ಏನೂ ಇಲ್ಲಮ್ಮ."

ಡ್ರೈವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಅಷ್ಟು ದಿನ ಅವರು ಭಾವನವರ ಮಾತಿಗೆ ಒಂದು ಉತ್ತರವನ್ನೂ ಕೊಟ್ಟಿರಲಿಲ್ಲ. ಕೊಡದೇ ಇದ್ದದ್ದು ಎಷ್ಟು ಭಾರವಾಗಿತ್ತು ಎಂದು ಆ ಒರೆಸಿಕೊಳ್ಳುವುದರಲ್ಲಿ ಕಂಡಿತು.

ಸಾಬರು ಟೇಪು ತಂದರು. ಎರಡು ಹೌಸಿಂಗುಗಳ ಚಕ್ರದ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆಯಬೇಕು, ಎಡಗಡೆ ಒಂದು ಸಲ, ಬಲಗಡೆ ಒಂದು ಸಲ. ಟೇಪಿನ ಒಂದು ತುದಿಯನ್ನು ನಾನು ಹಿಡಿದೆ. ರವಿಕೆಯ ಅಳತೆ ಬಿಟ್ಟರೆ ನಾನು ಟೇಪು ಹಿಡಿದವಳಲ್ಲ. ಹೆಬ್ಬೆರಳನ್ನು ಒತ್ತಿ ಹಿಡಿದು ಕೂತೆ. ಎಡಗಡೆಯ ಅಳತೆ ಬಲಗಡೆಗಿಂತ ಎರಡು ಬೆರಳಿನಷ್ಟು ಕಮ್ಮಿ ಬಂತು. ಆ ಎರಡು ಬೆರಳಿನ ಓರೆಯಲ್ಲಿ ಎಂಟು ಟೈರುಗಳು ಮುಂದಕ್ಕೆ ಉರುಳುತ್ತಲೇ ಪಕ್ಕಕ್ಕೂ ಉಜ್ಜಿಕೊಳ್ಳುತ್ತಿದ್ದವು, ತಿಂಗಳುಗಟ್ಟಲೆ.

ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿದಿಡಲು ಗಾಡಿಯ ಅಡಿಯಲ್ಲಿ ದಪ್ಪ ಕಬ್ಬಿಣದ ರಾಡುಗಳಿರುತ್ತವೆ, ಟಾರ್ಕ್ ರಾಡ್ ಎನ್ನುತ್ತಾರೆ. ರಾಡಿನ ಎರಡು ತುದಿಗೂ ಬಳೆಯಂಥ ರಬ್ಬರಿನ ಬುಷ್. ಸಾಬರು ಒಂದು ಹಾರೆಯನ್ನು ಸಂದಿಗೆ ಕೊಟ್ಟು ಮೀಟಿದರು. ಅಲುಗಬಾರದ ರಾಡು ಸಡಿಲ ಹಲ್ಲಿನಂತೆ ಅಲುಗಿತು.

"ಸಿಕ್ತು! ಹೋಗ್ಲಾ, ಪೇಟೆಗೋಗಿ ಬುಷ್ ಸೆಟ್ ತಗಂಬಾ. ಎಲ್ಲಾ ರಾಡಿಗೂ ತಗಂಬಾ" ಎಂದು ಡ್ರೈವರನ್ನು ಕಳಿಸಿದರು. ಡ್ರೈವರು ಯಾರದೋ ಬೈಕು ಇಸಿದುಕೊಂಡು ಖುಷಿಯಲ್ಲಿ ಹೋದರು. ಹೋಗುವಾಗ ಒಂದು ಸಲ ಸುಮ್ಮನೆ ಹಾರ್ನ್ ಮಾಡಿದರು.

ಸಾಬರು ರಾಡು ಬಿಚ್ಚಿ ಈಚೆ ತಂದರು. ಬುಷ್ಷನ್ನು ಬೆರಳಿನಿಂದ ಒತ್ತಿ, ಮೂಸಿ, ನನ್ನ ಮುಂದೆ ಹಿಡಿದರು. ಗಟ್ಟಿಯಾಗಿರಬೇಕಾದ ರಬ್ಬರು ಉಬ್ಬಿ, ಮೆತ್ತಗಾಗಿ, ಅವರ ಬೆರಳಿಗೆ ಕಾಡಿಗೆಯಂತೆ ಅಂಟಿತ್ತು.

"ಅಮ್ಮಾ, ಇದು ಸವ್ದಿರೋದಲ್ಲ. ಎಣ್ಣೆ ಕುಡ್ದು ಕೊಳ್ತೋಗಿರೋದು. ಗಾಡಿ ಅಡೀನ ಏನ್ರಲ್ಲಿ ತೊಳೀತಾನೆ ಅವ್ನು?"

"ಡೀಸೆಲ್‌ನಲ್ಲಿ. ಆಮೇಲೆ ಹಳೇ ಆಯಿಲ್ ಹಚ್ತಾರೆ, ತುಕ್ಕು ಬರಬಾರ್ದು ಅಂತ."

"ಆಯುಧಪೂಜೆಗೆ ತಾನೆ?"

"ಪ್ರತಿ ಅಮಾವಾಸ್ಯೆಗೆ."

"ಯಾ ಅಲ್ಲಾ!" ಅವರು ಹಣೆಗೆ ಕೈಹಚ್ಚಿಕೊಂಡರು, ಹಣೆಯೂ ಕಪ್ಪಾಯಿತು. "ಕಬ್ಬಿಣಕ್ಕೆ ಒಳ್ಳೇದು, ಸರಿ. ರಬ್ಬರ್‌ಗೆ ವಿಷ ಅಲ್ವಾ ಅದು? ಮಗಾ ದಪ್ಪ ಆಗ್ಲಿ ಅಂತ ದಿನಾ ಹರಳೆಣ್ಣೆ ಕುಡ್ಸಿದಂಗಾಯ್ತು. ಬರ್ಲಿ ಅವ್ನು, ಬೆಂಡೆತ್ತೀನಿ."

ನಾನು ಗಾಡಿಯ ಅಡಿಯನ್ನು ನೋಡಿದೆ. ಎಲ್ಲೂ ತುಕ್ಕಿಲ್ಲ. ಕಪ್ಪಗೆ, ಮಿರಿಮಿರಿ ಮಿಂಚುತ್ತಿತ್ತು. ಬೇರೆಯವರ ಲಾರಿಗಳು ಅಲ್ಲೇ ಪಕ್ಕದಲ್ಲಿ ಮಣ್ಣು ಮೆತ್ತಿಕೊಂಡು ನಿಂತಿದ್ದವು. ಇಷ್ಟು ಚೊಕ್ಕಟವಾದ ಅಡಿ ಯಾವುದಕ್ಕೂ ಇರಲಿಲ್ಲ.

"ನೀವು ಹೇಳಬೇಡಿ. ನಾನೇ ಹೇಳ್ತೀನಿ" ಎಂದೆ.

ಸಾಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಬುಷ್ಷನ್ನು ಡಬ್ಬಕ್ಕೆ ಹಾಕಿದರು.

ಹೊಂಗೆಮರದಡಿ ಕೂತು ಗುಬ್ಬಿಗೆ ಫೋನು ಮಾಡಿದೆ. ಭಾವನವರ ಅಂಗಡಿಯಲ್ಲಿ ಯಾರೋ ಮೊಳೆ ತೂಗಿಸುತ್ತಿದ್ದ ಸದ್ದು. ಟಾರ್ಕ್ ರಾಡಿನ ಬುಷ್ ಹೋಗಿ ಹೌಸಿಂಗ್ ಓರೆಯಾಗಿತ್ತು, ಅಳೆದು ನೋಡಿದೆವು, ಒಂದು ತುದಿ ನಾನೇ ಹಿಡಿದಿದ್ದೆ ಎಂದೆ.

"ಬುಷ್ ಯಾಕ್ ಹೋಯ್ತು?"

ಮೊಳೆ ಬೀಳುವ ಸದ್ದು ನಿಂತಿತು. ಹೇಳಿದರೆ ಡ್ರೈವರನ್ನು ಉಳಿಸಿಕೊಳ್ಳುವುದು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ರಬ್ಬರ್ ಅಲ್ವಾ ಭಾವ. ಹೋಗುತ್ತಂತೆ."

"ಹ್ಞೂಂ. ಅಂಗಾದ್ರೆ ಯುಗಾದಿ ತನ್ಕ ನೋಡಣ. ಟೈರ್ ಸವೆಯೋದು ನಿಂತ್ರೆ ಲಾರೀನೂ ಇರ್ಲಿ, ಅವ್ನೂ ಇರ್ಲಿ."

ಹೊಸ ಬುಷ್ ಕೂರಿಸಿ, ಎರಡೂ ಕಡೆ ಅಳತೆ ಸಮ ಬಂದ ಮೇಲೆ ಹೊರಟೆವು. ಬಿಸಿಲು ಇಳಿಯುತ್ತಿತ್ತು. ಓಂ ನೆಟ್ಟಗಿತ್ತು. ಡ್ರೈವರು ಬಾಯಿತುಂಬ ಮಾತಾಡುತ್ತಿದ್ದರು: ಸ್ಟೀರಿಂಗ್ ಬೆಣ್ಣೆ ತರ ಆಗಿದೆ, ಗುಬ್ಬಿ ಯಜಮಾನರು ಈಗ ಏನು ಹೇಳುತ್ತಾರೋ ನೋಡಬೇಕು, ಬರುವ ಅಮಾವಾಸ್ಯೆಗೆ ಅಡಿಗೆ ಡಬಲ್ ಕೋಟಿಂಗ್ ಹೊಡೆಯಬೇಕು, ಹೊಸ ಬುಷ್ಷಿಗೂ ಸೇರಿಸಿ.

ಇನ್ನು ತಡಮಾಡುವ ಹಾಗಿರಲಿಲ್ಲ. ಬ್ಯಾಗಿನ ಜಿಪ್ಪನ್ನು ಹಾಕುತ್ತ ತೆಗೆಯುತ್ತ, ಸಾಬರು ಹೇಳಿದ್ದನ್ನು ಹೇಳಿದೆ. ಬಯ್ಗುಳ ಬಿಟ್ಟು, ಮಿಕ್ಕದ್ದೆಲ್ಲ.

ಅವರು ಗಾಡಿ ನಿಲ್ಲಿಸಲಿಲ್ಲ. ಗೇರು ಬದಲಾಯಿಸಿದರು. ಎದುರಿನ ಬಸ್ಸಿಗೆ ದಾರಿ ಕೊಟ್ಟರು.

"ಹಂಗಾದ್ರೆ ನಾನೇನಾ ಅಮ್ಮಾವ್ರೆ?"

"ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಟ್ಟೆ ಕೊಡ್ತಿದ್ದೋಳು ನಾನೇ ಅಲ್ವಾ?"

"ಗುಬ್ಬಿಯೋರಿಗೆ ಹೇಳುದ್ರಾ?"

"ಇಲ್ಲ."

ಹೇಳಿದ್ದೇನೆ ಎಂದಿದ್ದರೆ ಅವರಿಗೆ ಕೋಪವಾದರೂ ಬರುತ್ತಿತ್ತೇನೋ. ಇಲ್ಲ ಎಂದದ್ದಕ್ಕೆ ಇನ್ನಷ್ಟು ಕುಗ್ಗಿದರು. ಮನೆಯ ತಿರುವಿನಲ್ಲಿ, "ಯಜಮಾನ್ರು ಇದ್ದಿದ್ರೆ ನಾಕು ಮಾತು ಉಗ್ದು, ಟೀ ಕುಡ್ಯಕ್ಕೆ ಕರ್ಕೊಂಡೋಗ್ತಿದ್ರು" ಎಂದರು.

"ನನಗೆ ಬಯ್ಯೋದಕ್ಕೆ ಬರಲ್ಲ."

"ಅದೇ ಕಷ್ಟ ಅಮ್ಮಾವ್ರೆ."

ಟೈರು ಸವೆಯುವುದು ನಿಂತಿತು. ಯುಗಾದಿಯ ಹಿಂದಿನ ವಾರ ಭಾವನವರು ಬಂದು, ಈ ಸಲ ಬಗ್ಗಿ ಕೂತು, ನಾನು ತೋರಿಸಿದಂತೆ ಕೈಯಾಡಿಸಿ ನೋಡಿದರು. ಲಾರಿ ಕೇಳಿದ್ದ ಗುಬ್ಬಿಯವರಿಗೆ ಬೇಡ ಎಂದು ಹೇಳಿ ಕಳಿಸುತ್ತೇನೆ ಎಂದರು. "ಪರ್ವಾಗಿಲ್ಲ ಕಣಮ್ಮ, ನೀನೂ ಲಾರಿ ಯಜಮಾನ್ತಿ ಆಗೋದೆ" ಎಂದು ನಗಿಸಿ, ಕಾಫಿ ಕುಡಿದು ಹೊರಟರು. ಲಾರಿ ಉಳಿಯಿತು. ಡ್ರೈವರೂ ಉಳಿದರು.

ಯುಗಾದಿಗೆ ಮುಂಚಿನ ಅಮಾವಾಸ್ಯೆಯ ದಿನ ನಾನು ಬೇಗ ಎದ್ದು ಅವರೆಕಾಳು ಬೇಯಲು ಇಟ್ಟಿದ್ದೆ. ನೀರಿನಲ್ಲಿ ತೊಳೆದರೆ ಸಾಕು ಎಂದು ಹಿಂದಿನ ದಿನವೇ ಹೇಳಿದ್ದೆ. ಅವರು ಬಂದರು. ಪೈಪು ಹಿಡಿದು ಮೇಲಿನಿಂದ ನೀರು ಹೊಡೆದರು. ಅಡಿಗೆ ಹೋಗಲೇ ಇಲ್ಲ, ಗೋಣಿಚೀಲವನ್ನು ಬಿಚ್ಚಲೇ ಇಲ್ಲ. ಬಿಸಿಲು ಏರುವ ಮೊದಲೇ ಆರತಿಯೂ ಆಯಿತು. ಕೆಲಸವಿಲ್ಲದೆ ನನ್ನ ಮನೆಯಂಗಳದಲ್ಲಿ ನಿಂತಿರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಕೂತುಕೊಳ್ಳಿ ಎಂದರೆ ಅಪಾರ್ಥವಾಗುವುದೇನೋ ಎಂದು ನನಗೂ ತಿಳಿಯಲಿಲ್ಲ.

"ಊಟಕ್ಕೆ?" ಎಂದೆ.

"ಊರಲ್ಲಿ ಒಸಿ ಕೆಲ್ಸ ಐತೆ ಅಮ್ಮಾವ್ರೆ. ಹನ್ನೊಂದ್ರ ಬಸ್ ಹಿಡಿತೀನಿ."

ಅಲ್ಲಿಂದ ಪ್ರತಿ ಅಮಾವಾಸ್ಯೆಗೂ ಊರಲ್ಲಿ ಕೆಲಸ. ಗಾಡಿಯನ್ನು ಕ್ರಷರ್‌ನ ಹತ್ತಿರದ ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಸಿಕೊಂಡು ಹಿಂದಿನ ಸಂಜೆಯೇ ತಂದು ನಿಲ್ಲಿಸುತ್ತಾರೆ. ನನಗಾಗಿ ಒಂದು ನಿಂಬೆಹಣ್ಣು ಮಾತ್ರ ತಪ್ಪದೆ ಕೀ ಜೊತೆ ಕಿಟಕಿಯಲ್ಲಿಡುತ್ತಾರೆ. ಮುನಿಸಲ್ಲ, ಅದು ನನಗೆ ಗೊತ್ತು. ಎದುರಿಗೆ ಕೂತು ಉಣ್ಣಲು ನಾಚಿಕೆ.

ಹಾಗಾಗಿ ಈಗ ಅಮಾವಾಸ್ಯೆಯ ಇಡೀ ದಿನ ಟಿಪ್ಪರ್ ಸೈಟಿನಲ್ಲಿ ಸುಮ್ಮನೆ ನಿಂತಿರುತ್ತದೆ, ನಾನು ಒಳಗೆ ಒಬ್ಬಳಿಗಾಗುವಷ್ಟು ಮುದ್ದೆ ತೊಳಸುತ್ತೇನೆ. ಆದರೆ ಕುಣಿಗಲ್ಲಿಗೆ ಹೋಗಿಬಂದ ಆ ಒಂದು ದಿನ ನನ್ನ ತಲೆಯಿಂದ ಹೋಗಿಲ್ಲ. ಆ ಎತ್ತರ, ಗಾಳಿ, ಪಕ್ಕದಲ್ಲೊಬ್ಬರು ಗೇರು ಹಾಕುವ ಸದ್ದು. ಮಾತಾಡಲೇಬೇಕೆಂದಿಲ್ಲ. ಕ್ರಷರ್ ತನಕ ಹೋಗಿ ಬರುತ್ತೇನೆ, ಬರುವಾಗ ಕೆರೆ ನೋಡಿಕೊಂಡು ಬರುತ್ತೇನೆ ಎಂದು ಕೇಳಬೇಕು ಅಂದುಕೊಂಡೆ.

ಮೊನ್ನೆ ಒಂದು ಬೆಳಿಗ್ಗೆ ಹೊರಗೆ ಹೋಗುವ ಸೀರೆಯುಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಕೀ ಕೊಡಲು ಗೇಟಿನವರೆಗೆ ಹೋದೆ. ಡ್ರೈವರು ಚಕ್ರದ ಕಲ್ಲು ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡರು.

"ಎಲ್ಗೋ ಹೊಂಟಂಗೈತೆ ಅಮ್ಮಾವ್ರು? ಬಸ್‌ಸ್ಟಾಪ್ ತನ್ಕ ಬುಡ್ಲಾ?"

"ಇಲ್ಲ, ಇಲ್ಲೇ ಅಂಗಡಿಗೆ" ಎಂದೆ.

ಅವರು ಕೀ ತೆಗೆದುಕೊಂಡು ಹತ್ತಿದರು. ಗಾಡಿ ತಿರುವು ದಾಟಿ ಹೆದ್ದಾರಿಗೆ ಸೇರುವವರೆಗೂ ನಿಂತಿದ್ದೆ. ಆಮೇಲೆ, ಹೇಳಿದ ಮಾತು ಸುಳ್ಳಾಗಬಾರದಲ್ಲ, ಅಂಗಡಿಯವರೆಗೆ ನಡೆದುಹೋಗಿ ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಂಡುಕೊಂಡೆ.